ನೂರರಲ್ಲಿ ಹದಿನೆಂಟು

ಶಿಡ್ಲಘಟ್ಟದಲ್ಲಿ ಹುಳ ಎಂದರೆ ಬೈಗುಳವಲ್ಲ.
"ಮನೇಲಿ ಹುಳ ಐತಾ?" ಅಂದರೆ
ಒಲೆ ಉರೀತಿದೆ, ಸ್ಕೂಲ್ ಫೀಸು ಕಟ್ಟಾಗಿದೆ,
ಅಡ ಇಟ್ಟ ಓಲೆ ವಾಪಸು ಬಂದಿದೆ ಅಂತ.

ಸೆನ್ವಾರಾಳನ್ನು ಅದೇ ಮಾತು ಕೇಳುವಾಗ
ನನಗೇ ಒಂಥರಾ.
ನನ್ನ ಕನ್ನಡ ಹಾಜಿರಾಬಿಯ ಉರ್ದು ದಾಟಿ
ಅವಳ ಭಾಷೆ ಮುಟ್ಟುವಷ್ಟರಲ್ಲಿ
ಪ್ರಶ್ನೆ ಅರ್ಧ ಸವೆದಿತ್ತು.
ತಲೆಯಾಡಿಸಿದಳು: ಇದೆ, ಫಿಲೇಚರಿನಲ್ಲಿ,
ಬಿಸಿನೀರಲ್ಲಿ ಬೆಂದದ್ದು,
ದಿನಾ ಈ ಕೈಯಲ್ಲೇ ತೆಗೀತೀನಿ.

ಹೋದ ವಾರ ಮಲಪರೀಕ್ಷೆಗೆಂದು ಹದಿಮೂರು ಡಬ್ಬಿ ಕೊಟ್ಟಿದ್ದೆ.
ಹನ್ನೆರಡು ಖಾಲಿ ಬಂದವು, ತೊಳೆದು, ಒರೆಸಿ.
ಒಂದು ಬರಲೇ ಇಲ್ಲ; ಉಪ್ಪು ಹಾಕಿಡಲು ಚೆನ್ನಾಗಿದೆಯಂತೆ.
ಅದಕ್ಕೇ ಇವತ್ತು ರಕ್ತ.

ಗಾಜಿನ ಮೇಲೊಂದು ಹನಿ ಎಳೆದು, ಒಣಗಿಸಿ, ಬಣ್ಣ ಹುಯ್ದು,
ಎಣ್ಣೆಯ ಬೊಟ್ಟಿಟ್ಟು ಕಣ್ಣು ನೆಟ್ಟೆ.
ಇಯೊಸಿನೊಫಿಲ್:
ಕನ್ನಡಕ ಹಾಕಿಕೊಂಡ ಕಣ, ಮೈತುಂಬ ಕೆಂಪು ರಾಗಿ.
ನೂರು ಬಿಳಿಕಣ ಎಣಿಸಿದರೆ ಮೂರೋ ನಾಲ್ಕೋ ಇರಬೇಕು.
ಇವಳಲ್ಲಿ ಹದಿನೆಂಟು.
ಮತ್ತೆ ಎಣಿಸಿದೆ. ಹದಿನೆಂಟು.

ಬರಿಗಾಲಲ್ಲಿ ಹೊಕ್ಕು, ಶ್ವಾಸಕ್ಕೇರಿ,
ಕೆಮ್ಮಿನೊಡನೆ ಗಂಟಲಿಗೆ ಬಂದು, ಎಂಜಲೊಡನೆ ಕರುಳಿಗಿಳಿದು,
ಅಲ್ಲೇ ಮರಿ, ಮರಿಗೆ ಮರಿ,
ಹತ್ತಾರು ವರ್ಷ ಇರಬಲ್ಲದು
ನೂಲೆಳೆಗಿಂತ ಸಣ್ಣದೊಂದು ಹುಳ.
ಮನೆಯ ಜೊತೆ ಕಾಗದ ಸುಟ್ಟವು.
ಬಳೆ ನಾಫ್ ನದಿ ದಾಟಿಸಿದವನಿಗೆ ಹೋಯಿತು.
ಊರ ಕೆಸರಿಂದ ಉಳಿದದ್ದು ಇದೊಂದೇ ಇರಬಹುದು.

ಇರಬಹುದು, ಅಷ್ಟೆ. ಡಾಕ್ಟರು ಉಷಾಕಿರಣ ಹೇಳಿದರು:
ಲೆಕ್ಕ ಏರಿದರೆ ಹುಳವೇ ಅಂತಲ್ಲ,
ಏರದಿದ್ದರೆ ಇಲ್ಲ ಅಂತಲೂ ಅಲ್ಲ.
ರಕ್ತ ಗುಮಾನಿ ಪಡುತ್ತೆ, ಸಾಕ್ಷಿ ಹೇಳೋದಿಲ್ಲ.

ಗುಮಾನಿ.
ಹಾಜಿರಾಬಿ ಬಾಯಿ ತೆರೆಯುವ ಮೊದಲೇ
ಸೆನ್ವಾರಾಗೆ ಅರ್ಥವಾಗಿತ್ತು.
ರವಿಕೆಯೊಳಗಿಂದ ಒಂದು ಕವರು,
ಅದರೊಳಗಿಂದ ಇನ್ನೊಂದು,
ಅದರೊಳಗಿಂದ ಮೂಲೆ ಸವೆದ ನೀಲಿ ಕಾರ್ಡು
ಮೈಕ್ರೋಸ್ಕೋಪಿನ ಪಕ್ಕ ಇಟ್ಟು
ಎದ್ದು ನಿಂತಳು.
ಕೂತ್ಕೋಮ್ಮ, ಅಂದೆ. ಇದು ಆ ಗುಮಾನಿ ಅಲ್ಲ.
ಕೂರಲಿಲ್ಲ. ಮಾತ್ರೆಯನ್ನೂ ನಿಂತೇ ನುಂಗಿದಳು.

ಸಂಜೆ ಬಣ್ಣ ಸ್ವಲ್ಪ ಮಿಕ್ಕಿತ್ತು.
ಸುಮ್ಮನೆ ನನ್ನ ಬೆರಳು ಚುಚ್ಚಿಕೊಂಡೆ;
ಹಿಪ್ಪುನೇರಳೆ ತೋಟದಲ್ಲಿ ಚಪ್ಪಲಿಯಿಲ್ಲದೆ
ಸೊಪ್ಪು ಕುಯ್ದ ಕಾಲು ನನ್ನದೂ.
ಹನ್ನೊಂದು.
ರಿಜಿಸ್ಟರಿನಲ್ಲಿ ಹದಿಮೂರು ಹೆಸರಿನ ಕೆಳಗೆ
ಆಗಲೇ ಗೆರೆ ಎಳೆದಾಗಿತ್ತು.
ಗೆರೆಯ ಕೆಳಗೆ ನನ್ನದು ಬರೆಯುತ್ತಿದ್ದೆ,
ಅಮ್ಮನ ಫೋನು:
ಹುಳ ನಾಕನೇ ಜ್ವರಕ್ಕೆ ಕೂತವೆ,
ಕೈಕಾಲು ತೊಳ್ಕೊಂಡು ಒಳಿಕ್ ಬಾ.