ಯಂತ್ರ ಬರೆದಿಟ್ಟದ್ದು

ಮತೊಸಿನ್ಯೋಸ್‌ನ ಮೀನುಡಬ್ಬಿ ಕಾರ್ಖಾನೆಯ ಹಿಂದಿನ ಓಣಿ.
ಮೂರನೆಯ ಮಹಡಿ, ಲಿಫ್ಟ್ ಇಲ್ಲ.
ಸೊಂಟನೋವಿನವರನ್ನು ಕಾಣಲು ಬರುವವಳು ನಾನು;
ಹತ್ತಿ ಮುಗಿಯುವಷ್ಟರಲ್ಲಿ
ನನ್ನ ಸೊಂಟವೇ ನನ್ನ ಕೈಯಲ್ಲಿ.

ಚೀಲದಲ್ಲಿ ಒಂದು ಪಟ್ಟಿ, ಒಂದು ಪುಟ್ಟ ಪೆಟ್ಟಿಗೆ.
ನಡುವಿಗೆ ಸುತ್ತಿ ಗುಂಡಿ ಒತ್ತಿದರೆ ಹಸಿರು ದೀಪ,
ಕಿವಿಗೆ ಕೇಳದ ಅಲೆಯೊಂದು ಬೆನ್ನೊಳಗೆ ಇಳಿಯುತ್ತದೆ
ಅಥವಾ ಇಳಿಯುವುದಿಲ್ಲ.
ಅರ್ಧದಷ್ಟು ಪೆಟ್ಟಿಗೆಗಳಲ್ಲಿ ಇರುವುದು ದೀಪ ಮಾತ್ರ.
ಯಾವುದರಲ್ಲಿ ಏನೆಂದು ನನಗೂ ಹೇಳಿಲ್ಲ,
ಗೊತ್ತಿದ್ದರೆ ಮುಖದಿಂದ ಸೋರಿಹೋದೀತು ಎಂದು.

ದಿಯೊಲಿಂಡಾ, ಐವತ್ತೆಂಟು.
ಮೂವತ್ತೊಂದು ವರ್ಷ ನಿಂತೇ
ಸಾರ್ಡೀನ್ ಮೀನಿನ ತಲೆ ಕೊಯ್ದವಳು.
ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟು, ಎಂದೆ.
"ಯಾವ ತಿಂಗಳಿನದು? ಮೀನು ಕೊಬ್ಬುವ ಜೂನಿನದೋ,
ಬರೀ ಡಬ್ಬಿ ಒರೆಸುವ ಫೆಬ್ರವರಿಯದೋ?"
ಇವತ್ತಿನದು.
"ಆರು ಅಂತ ಬರೆದುಕೋ. ಏಳಿತ್ತು.
ಮನೆಗೆ ಬಂದವಳು ನೀನು, ಒಂದು ಬಿಟ್ಟುಕೊಟ್ಟೆ."

ಅಬೀಲಿಯೊ ಕಿಟಕಿಯ ಬಳಿ ಬಲೆ ಹೆಣೆಯುತ್ತಿದ್ದ.
ದೋಣಿ ಮಾರಿ ಆರು ವರ್ಷ;
ಬಲೆ ಯಾರಿಗೆಂದು ನಾನು ಕೇಳಲಿಲ್ಲ.
ನಿಮಗೇನೂ ನೋವಿಲ್ಲವೇ ಎಂದದ್ದಕ್ಕೆ
"ನನಗಾ? ಕಬ್ಬಿಣ" ಎಂದು ನಡು ತಟ್ಟಿಕೊಂಡು
ಕುರ್ಚಿಯ ಕೈ ಹಿಡಿದು
ಎರಡು ಕಂತಿನಲ್ಲಿ ಎದ್ದ.

ಎಂಟು ವಾರ. ದಿನಕ್ಕೊಮ್ಮೆ, ಅರ್ಧ ಗಂಟೆ,
ರಾತ್ರಿ ಪಾಳಿಗೆ ಹೊರಡುವ ಮುನ್ನ.
ಚೀಟಿ ಅಂಟಿಸಿ, ತೋರಿಸಿಕೊಟ್ಟು ಬಂದೆ.

ಮತ್ತೆ ಹೋದಾಗ ಅವಳ ನೋವು ನಾಲ್ಕಕ್ಕಿಳಿದಿತ್ತು.
ಖುಷಿಯಿಂದ ಪೆಟ್ಟಿಗೆಗೆ ತಂತಿ ಸಿಕ್ಕಿಸಿದೆ.
ಗುಂಡಿ ಒತ್ತಿದ ಪ್ರತಿ ಗಳಿಗೆಯನ್ನೂ
ಯಂತ್ರ ಬರೆದಿಡುತ್ತದೆ,
ಶ್ಯಾನುಭೋಗನ ಹಾಗೆ, ದಾಕ್ಷಿಣ್ಯವಿಲ್ಲದೆ:
ಸಂಜೆ ಏಳೂ ಹತ್ತು, ಮೂವತ್ತು ನಿಮಿಷ.
ಸಂಜೆ ಏಳೂ ಕಾಲು, ಮೂವತ್ತು ನಿಮಿಷ.
ಎರಡನೆಯ ವಾರದಿಂದ ಅದರ ಕೆಳಗೊಂದು ಸಾಲು:
ಬೆಳಗಿನ ಜಾವ ಮೂರು ಹದಿನೇಳು.
ಮೂರು ಐದು.
ಎರಡು ಐವತ್ತು, ಒಂದು ತಾಸಿಗೂ ಮಿಕ್ಕಿ.

ಮೂರಕ್ಕೆ ನೀವು ಕಾರ್ಖಾನೆಯಲ್ಲಿದ್ದಿರಿ, ಎಂದೆ.
ದಿಯೊಲಿಂಡಾ ಪರದೆ ನೋಡಿದಳು,
ಖಾಲಿ ಕುರ್ಚಿ ನೋಡಿದಳು.
"ನಾನೇ" ಎಂದಳು. "ನಾನು ಹೋಗಿದ್ದೆ ಹೌದು.
ಬೆನ್ನನ್ನು ಮನೆಯಲ್ಲಿ ಬಿಟ್ಟು ಹೋಗಿದ್ದೆ."

ಆಮೇಲೆ, ಪಾತ್ರೆ ಒರೆಸುತ್ತ, ನನ್ನತ್ತ ತಿರುಗದೆ,
"ಈಚೆಗೆ ಗ್ಯಾಸ್ ಸಿಲಿಂಡರು
ನಾನು ಬರುವ ಮೊದಲೇ ಮೇಲೆ ಬಂದಿರುತ್ತದೆ.
ಬಕೆಟ್ಟು ತುಂಬಿರುತ್ತದೆ. ಹಾಸಿಗೆ ಮಡಚಿರುತ್ತದೆ.
ಕೇಳಿದರೆ, ಯಾರೋ ಹುಡುಗ ತಂದಿಟ್ಟ ಅನ್ನುತ್ತಾನೆ.
ನಮ್ಮ ಓಣಿಯಲ್ಲಿ ಹುಡುಗರೆಲ್ಲಿದ್ದಾರೆ?
ನೀನು ಅವನಿಗೆ ಏನೂ ಹೇಳಬೇಡ."

ಬೇರೆಯವರು ಬಳಸಿದ್ದು ಕಂಡರೆ
ಆ ಹೆಸರನ್ನು ಹೊಡೆದುಹಾಕಬೇಕೆಂದು ನಿಯಮ.
ಹೊಡೆದುಹಾಕಿದೆ.
ಆರರಿಂದ ನಾಲ್ಕಕ್ಕೆ ಇಳಿದ ಆ ಎರಡು
ಅಲೆಯದೋ, ದೀಪದ್ದೋ, ಸಿಲಿಂಡರಿನದೋ,
ನನ್ನ ಕಾಗದದಲ್ಲಿ ಅದಕ್ಕೆ ಮನೆಯಿರಲಿಲ್ಲ.
ಅಂಚಿನಲ್ಲಿ ಪೆನ್ಸಿಲಿನಿಂದ ಬರೆದೆ,
ಅಳಿಸಿದೆ.

ಪೆಟ್ಟಿಗೆ ಚೀಲಕ್ಕೆ ಹಾಕಿಕೊಂಡು ಇಳಿಯುವಾಗ
ಎರಡನೆಯ ಮಹಡಿಯ ತಿರುವಿನಲ್ಲಿ ಅಬೀಲಿಯೊ.
ಸಿಲಿಂಡರು ಮೆಟ್ಟಿಲ ಮೇಲೆ, ಕೈ ಗೋಡೆಯ ಮೇಲೆ.
ನನ್ನನ್ನು ಕಂಡು ನೆಟ್ಟಗಾಗಲು ನೋಡಿದ,
ಅರ್ಧಕ್ಕೇ ನಿಂತ.
ಕಣ್ಣು ನನ್ನ ಚೀಲದ ಮೇಲೆ.
"ಒಯ್ಯುತ್ತಿದ್ದೀಯ?"
ಹೌದು. ಅವಧಿ ಮುಗಿಯಿತು.
"ಮುಗಿದ ಮೇಲೆ ಒಯ್ಯಲೇಬೇಕು" ಎಂದ,
ತನಗೆ ತಾನೇ ಹೇಳಿಕೊಂಡಂತೆ.

ಬಾಯಿ ತಡೆಯಲಿಲ್ಲ; ಕೇಳಿಯೇಬಿಟ್ಟೆ,
ಸೊನ್ನೆಯಿಂದ ಹತ್ತರೊಳಗೆ, ನಿಮಗೆಷ್ಟು?

ಅಬೀಲಿಯೊ ತಲೆಯೆತ್ತಿ
ಮೇಲಿನ ಮೆಟ್ಟಿಲುಗಳನ್ನು ಎಣಿಸಿದ,
ತುಟಿ ಅಲುಗಿಸುತ್ತ, ನಿಧಾನಕ್ಕೆ.
"ಇನ್ನು ಹದಿನಾಲ್ಕು" ಎಂದ.