ಮೀನಿಲ್ಲದ ದಿನದ ಪುಟ

ಲ್ಯಾಪ್‌ಟಾಪನ್ನು ಚೀಲದಿಂದ ತೆಗೆಯಲೇ ಇಲ್ಲ.
ಬೈತಖೋಲದ ಐಸ್ ಫ್ಯಾಕ್ಟರಿಯ ಹಿಂದೆ
ಒಣಮೀನು ಸಂಘದ ಕೋಣೆ, ಒಂದೇ ಕಿಟಕಿ.
ಮೇಜೆಂದರೆ ಬೋರಲು ಹಾಕಿದ ಎರಡು ಕ್ರೇಟು.
ಐಸಿನ ಹಳೆಯ ಬಿಲ್ಲುಗಳ ಬೆನ್ನಿಗೆ
ಚೌಕ ಬರೆದೆ, ಚೌಕದೊಳಗೆ ಇನ್ನೊಂದು ಚೌಕ.
"ಇದು ಮುಖಪುಟ" ಎಂದೆ.
ಮುಕ್ತಾ ತಾಂಡೇಲ ಕನ್ನಡಕ ಏರಿಸಿ
ಹಾಳೆ ಮಗುಚಿ ಬಿಲ್ಲು ಓದಿದಳು:
"ಮಾರ್ಚಿಂದು. ದುಡ್ಡು ಕೊಟ್ಟಾಗಿದೆ. ಬರಿ, ಬರಿ."

ನಾನು ಬರೆದು ತಂದ ಪ್ರಶ್ನೆ ಹನ್ನೆರಡು:
ಬಣ್ಣ ಯಾವುದು, ಹೆಸರೇನು, ಲೋಗೋ ಬೇಕೆ...
ಅವಳದ್ದು ಒಂದೇ.
"ಬಾಗಿಲಿಗೆ ಬರುವವರು ಯಾರು?"

ಯಾರು?
ಹುಬ್ಬಳ್ಳಿಯ ಖಾನಾವಳಿಯವನೆ?
ಪಕ್ಕದ ಮನೆಯ ಮೂಗಿಗೆ ಹೆದರಿ
ಕಾಲು ಕಿಲೋ ಶೆಟ್ಲಿ ಕೇಳುವ
ಬೆಳಗಾವಿಯ ಬಾಡಿಗೆಮನೆ ಟೀಚರೆ?
"ಹಾಗಾದರೆ ಡಬಲ್ ಪ್ಯಾಕಿಂಗ್ ಅಂತ ಮೇಲೇ ಹಾಕು,
ಫೋಟೋ ಆಮೇಲೆ" ಎಂದಳು ನತಾಲಿನಾ,
ಬಾಗಿಲಲ್ಲೇ ನಿಂತು, ಮೊಣಕೈವರೆಗೆ ಉಪ್ಪು.
ಮೊದಲ ಚೌಕಕ್ಕೆ ಕಾಟು ಬಿತ್ತು.

ದರದ ಕಾಲಮ್ಮಿಗೆ ಬಂದಾಗ ಜಗಳ.
ಒಬ್ಬಳು ಇನ್ನೂರ ಎಂಬತ್ತು, ಒಬ್ಬಳು ಮುನ್ನೂರ ಹತ್ತು.
ಗಿರಾಕಿಯ ಮುಖ ನೋಡದೆ ದರ ಹೇಳುವುದು ಹೇಗೆ?
"ಇಷ್ಟು ಚೌಕ ಬರೆದಿದ್ದೀ ತಂಗಿ,
ಚೌಕಾಸಿಗೆ ಜಾಗ ಎಲ್ಲಿ?"
ಅದಕ್ಕೆ ಬಟನ್ ಇರುವುದಿಲ್ಲ ಎಂದೆ.
ತೂಕಕ್ಕೆ ಕಡಿಮೆ ಬಿದ್ದ ಬಂಗಡೆಯನ್ನು
ನೋಡುವ ಹಾಗೆ ನೋಡಿದರು ನನ್ನನ್ನು.

ಆಮೇಲೆ ಮುಕ್ತಾ, ಮೆಲ್ಲಗೆ:
"ಮಳೆ ಹಿಡಿದರೆ ಮರಳು ಒಣಗುವುದಿಲ್ಲ.
ಇದ್ದದ್ದು ಆಷಾಢಕ್ಕೇ ಮಾರಿ ಹೋಗುತ್ತದೆ.
ಆಗ ಇದರಲ್ಲಿ ಎಂತ ಕಾಣುತ್ತದೆ?"
"ಸ್ಟಾಕ್ ಇಲ್ಲ ಅಂತ. ಕೆಂಪಕ್ಷರದಲ್ಲಿ."
"ಅಷ್ಟೇ?"

ಹನ್ನೆರಡು ಪ್ರಶ್ನೆಯಲ್ಲಿ ಇದೊಂದು ಇರಲಿಲ್ಲ.
ತುಂಬಿದ ಬುಟ್ಟಿಗೆ ಎಂಟು ಪುಟ ಅಂದಾಜು ಹಾಕಿದ್ದೆ,
ಬರಿದಾದ ಬುಟ್ಟಿಗೆ ಎರಡು ಶಬ್ದ.

"ಡಬ್ಬಿಯ ಅಕ್ಕಿ ಮುಗಿದರೆ ನಮ್ಮಬ್ಬೆ
ಮುಗಿಯಿತು ಅನ್ನುತ್ತಿರಲಿಲ್ಲ, ಹೆಚ್ಚಿತು ಅನ್ನುತ್ತಿದ್ದಳು."
"ಮೀನು ಹೆಚ್ಚಿದೆ ಅಂತ ಬರೆದರೆ
ಆರ್ಡರು ಬೀಳುತ್ತದಲ್ಲ ಅಕ್ಕಾ!"
ನತಾಲಿನಾ ನಕ್ಕು ನಕ್ಕು ಉಪ್ಪಿನ ಕೈಯಲ್ಲೇ
ಕಣ್ಣೊರೆಸಿಕೊಂಡು, ಅಯ್ಯೋ ಉರಿ ಎಂದು ನಲ್ಲಿಗೆ ಓಡಿದಳು.

ಹೊಸ ಬಿಲ್ಲು ತೆಗೆದೆವು. ಏಪ್ರಿಲಿನದು.
ಒಂದು ತಾಸು ಹಿಡಿಯಿತು ಮೂರು ಸಾಲಿಗೆ:
ಬೋಟು ದಡದಲ್ಲಿದೆ.
ಬಿಸಿಲು ಬಂದ ಕೂಡಲೇ ನಾವೇ ಕರೆಯುತ್ತೇವೆ,
ನಂಬರು ಬಿಟ್ಟು ಹೋಗಿ.
"ಕೂತು ಹೋಗಿ ಅಂತಲೂ ಸೇರಿಸು" ಎಂದಳು ಮುಕ್ತಾ.
ಎಲ್ಲಿ ಕೂರುತ್ತಾರೆ, ಎಂದು ನಾನು ಕೇಳಲಿಲ್ಲ.
ಸೇರಿಸಿದೆ.

ರಾತ್ರಿ ಕೋಡಿಬಾಗದ ರೂಮಿನಲ್ಲಿ
ಬಿಲ್ಲುಗಳನ್ನು ನೆಲದ ಮೇಲೆ ಸಾಲಾಗಿ ಹರಡಿದೆ.
ಹದಿನಾಲ್ಕು. ಎರಡಕ್ಕೆ ಎಣ್ಣೆ ಕಲೆ,
ಒಂದರ ಮೂಲೆಯಲ್ಲಿ ಮೀನಿನ ಹುರುಪೆ,
ಅದು ಪ್ಲಾನಿನ ಭಾಗವೋ ಅಲ್ಲವೋ ತಿಳಿಯದೆ
ಹಾಗೇ ಬಿಟ್ಟೆ.
ಕೋಡಿನ ಒಂದು ಸಾಲೂ ಬರೆದಿರಲಿಲ್ಲ ಇನ್ನೂ.

ಹತ್ತೂವರೆಗೆ ಫೋನು. ಮುಕ್ತಾ.
"ಬಣ್ಣ ಕೇಳಿದ್ದೆಯಲ್ಲ.
ನೀಲಿಯೊಂದು ಬೇಡ ತಂಗಿ.
ದಿನಾ ನೋಡುತ್ತೇವೆ."