ತೆಳು

ಕಲಾಮಾದಲ್ಲಿ ಮಳೆ ಬಂದರೆ ಸುದ್ದಿ.
ಬಿಸಿಲು ಸುದ್ದಿಯಲ್ಲ. ಗೋಡೆಯ ಹಾಗೆ, ಬೀದಿಯ ಹಾಗೆ
ಅದು ಇರುತ್ತದೆ.
ತಾಮ್ರದ ಗಣಿಯಿಂದ ಧೂಳು ಬರುತ್ತದೆ, ಸಂಬಳ ಬರುತ್ತದೆ,
ತಿಂಗಳ ಮೊದಲ ವಾರ ನನ್ನ ಕೋಣೆಗೆ
ಮುಖಗಳು ಬರುತ್ತವೆ.

ನಾನು ಡಾಕ್ಟರಲ್ಲ. ಅವರು ನೋಡಿ, ಅಂಕಿ ಬರೆದು ಹೋಗುತ್ತಾರೆ.
ಪೆಡಲ್ ಒತ್ತುವ ಕಾಲು ನನ್ನದು.
ಹದಿನಾಲ್ಕು ವರ್ಷ ಹಸಿರು ಕನ್ನಡಕದ ಹಿಂದೆ ಕೂತು ನೋಡಿದ್ದೇನೆ
ಲಾರಿ ಓಡಿಸುವವರ ಎಡಗೆನ್ನೆಯಲ್ಲಷ್ಟೇ ಮುತ್ತಿದ ಚುಕ್ಕೆ,
ಫುಟ್‌ಬಾಲ್ ಕೋಚಿನ ಬೋಳುತಲೆಯ ಮೇಲಿನ ನಕಾಶೆ,
ಮದುವೆಗೆ ಮೂರೇ ವಾರ ಇದ್ದಾಗ ಬಂದು ಅಳುವ ಹುಡುಗಿಯರು.

ನೋಲ್ಫಾ ಚೋಕೆ ಏಪ್ರಿಲ್‌ನಲ್ಲಿ ಬಂದಳು.
ಎರಡೂ ಕೆನ್ನೆಗೆ ಹರಡಿ, ಮೂಗು ದಾಟಿ,
ತುಟಿಯ ಮೇಲೊಂದು ಮೀಸೆಯಾಗಿ, ಬಂಗು.
ನಮ್ಮ ಕಡೆ ಇದಕ್ಕೆ ಪಾನ್ಯೋ ಅನ್ನುತ್ತಾರೆ. ಬಟ್ಟೆ ಅಂತ ಅರ್ಥ.
"ಬಟ್ಟೆಯಾಗಿದ್ದರೆ ನಿನ್ನ ಹತ್ತಿರ ಯಾಕೆ ಬರುತ್ತಿದ್ದೆ?" ಅಂದಳು.
ನಗಲಿಲ್ಲ.
ಗಣಿ ಕ್ಯಾಂಪಿನ ಲಾಂಡ್ರಿಯಲ್ಲಿ ಇಪ್ಪತ್ತೆರಡು ವರ್ಷ:
ಗ್ರೀಸು, ವೈನು, ತುಕ್ಕು, ರಕ್ತ,
ಒಂದೊಂದಕ್ಕೂ ಒಂದೊಂದು ದಾರಿ.

ಫಾರಂ ತುಂಬುವಾಗ ಕೇಳಲೇಬೇಕು: ಯಾವಾಗಿನಿಂದ?
"ಬಸಿರಿನ ಐದನೇ ತಿಂಗಳಲ್ಲಿ ಬಂತು.
ಏಳನೇ ತಿಂಗಳಲ್ಲಿ ಹೋಯಿತು.
ಇದಲ್ಲ."
ಫಾರಮ್ಮಿನಲ್ಲಿ ಅದನ್ನು ಬರೆಯಲು ಒಂದು ಮನೆ ಇರಲಿಲ್ಲ.

ಕಣ್ಣ ಮೇಲೆ ಉಕ್ಕಿನ ಬಟ್ಟಲು ಮುಚ್ಚಿದೆ,
ತಣ್ಣನೆ ಗಾಳಿಯ ಕೊಳವೆ ತಿರುಗಿಸಿದೆ.
ಚಟ್. ಚಟ್. ಕಾದ ಎಣ್ಣೆಗೆ ಬಿದ್ದ ಜೋಳದ ಕಾಳು.
ಸುಟ್ಟ ನವಿರುಗೂದಲ ವಾಸನೆ.
"ಬಿಸಿ ಎಷ್ಟು ಇಟ್ಟಿದ್ದೀ?"
ಕಡಿಮೆ. ತೀರಾ ಕಡಿಮೆ.
"ಹೆಚ್ಚಿಟ್ಟರೆ?"
ಇನ್ನೂ ಕಪ್ಪಾಗುತ್ತದೆ.
"ರಕ್ತಕ್ಕೂ ಹಾಗೆಯೇ. ಬಿಸಿನೀರು ಸುರಿದೆಯೋ
ನೂಲಿನೊಳಗೆ ಕೂತುಬಿಡುತ್ತದೆ."
ಹೊಸಬರಿಗೆ ನಾನು ವಾರಗಟ್ಟಲೆ ಕಲಿಸುವುದನ್ನು
ಮಲಗಿದಲ್ಲೇ, ಕಣ್ಣು ಕಾಣದೆ, ಮುಗಿಸಿದಳು.

ಒಮ್ಮೆ ನನ್ನ ಕಾಲು ಅವಸರಪಟ್ಟಿತ್ತು.
ಶಾಲೆಯ ಮೇಡಂ ಒಬ್ಬರ ಕೆನ್ನೆಯಲ್ಲಿ
ಅಕ್ಕಿಕಾಳಿನಷ್ಟು ಅಕ್ಕಿಕಾಳಿನಷ್ಟು ಬಿಳಿ.
ಸಂತೆಯಲ್ಲಿ ಕಂಡರೆ ಈಗಲೂ ಬೀದಿ ದಾಟುತ್ತೇನೆ.
ಇದನ್ನು ಅವಳಿಗೆ ಹೇಳಲಿಲ್ಲ.

ಹೇಳಿದ್ದು ಬೇರೆ, ಅದಕ್ಕಿಂತ ಕೆಟ್ಟದ್ದು:
ಒಂದು ಚುಕ್ಕೆ ಉಳಿಸಲೇ, ನೆನಪಿಗೆ?
ಉಕ್ಕಿನ ಬಟ್ಟಲು ನನ್ನ ಕಡೆ ತಿರುಗಿತು.
"ಹುಚ್ಚಿಯೇ ನೀನು? ಅದಕ್ಕೊಂದು ಹೆಸರಿದೆ.
ಹೆಸರು ಸಾಕು.
ಕಲೆ ತೆಗೆದು ಅನ್ನ ಉಂಡವಳು ನಾನು.
ತೆಗೆ."

ಚಳಿಗಾಲದಲ್ಲಿ ಕಾಫಿ ಚಹಾಕ್ಕಿಳಿಯಿತು,
ಐದನೇ ಸಲಕ್ಕೆ ಹಾಲು ಬೆರೆತ ಚಹಾ.
ಕನ್ನಡಿ ಕೊಟ್ಟೆ. ದೂರ ಹಿಡಿದಳು, ಹತ್ತಿರ ಹಿಡಿದಳು,
ಅಂಗಿಯ ಕಾಲರು ನೋಡುವ ಹಾಗೆ.

ಜನವರಿಯಲ್ಲಿ ಲಾಂಡ್ರಿಯ ಡ್ರೈಯರ್ ಕೆಟ್ಟಿತು.
ಎಂಟುನೂರು ಹಾಸಿಗೆವಸ್ತ್ರ, ತಾರಸಿ, ಮೂರು ದಿನ.
ಟೋಪಿ?
"ಗಾಳಿ ಒಯ್ದಿತು."
ಕ್ರೀಮು?
"ಬಿಳಿ ಬಟ್ಟೆಗೆ ಅಂಟುತ್ತದಲ್ಲ."
ಎಲ್ಲಿಂದ ಹೊರಟಿದ್ದೆವೋ ಅಲ್ಲಿಗೇ ಬಂದು ಕೂತಿತ್ತು ಬಂಗು,
ಮೀಸೆಯ ಸಮೇತ.
ನಾನೇ ತಪ್ಪು ಮಾಡಿದವಳ ಹಾಗೆ ಅಂದೆ, ಮತ್ತೆ ಮೊದಲಿಂದ.
"ಅದಕ್ಕೇನು?
ಸೋಮವಾರ ಅವೇ ಬಟ್ಟೆ ತಿರುಗಿ ಬರುತ್ತವೆ."

ಹೊರಡುವಾಗ ನನ್ನ ಬಿಳಿ ಕೋಟಿನ ಜೇಬು ಕಂಡಿತು ಅವಳಿಗೆ.
ಅಯೋಡಿನ್ ಚೆಲ್ಲಿ ಎಷ್ಟೋ ವರ್ಷದ ಕಂದು.
ಇರಲಿ, ಅಂದೆ. ಕೇಳದೆ ಬಿಚ್ಚಿಸಿಕೊಂಡು ಹೋದಳು.

ಇಸ್ತ್ರಿಯಾಗಿ ಬಂದಿದೆ ಇವತ್ತು, ಕಾಗದದಲ್ಲಿ ಸುತ್ತಿ.
ಕಲೆ ಇಲ್ಲ.
ಕಿಟಕಿಯ ಕಡೆ ಎತ್ತಿ ಹಿಡಿದರೆ ಮಾತ್ರ
ಆ ಒಂದು ಜಾಗದಲ್ಲಿ, ಅಂಗೈಯಗಲ,
ಬಿಸಿಲು ಒಳಗೆ ಬರುತ್ತದೆ.